ಮೆದೆಯ ಹಿಂದೆ ನಿಂತ ಬಸ್ಸು

ಅರಸೀಕೆರೆಯಲ್ಲಿ ಬಸ್ಸು ನಿಲ್ಲಿಸುವುದಕ್ಕೆ ಒಂದು ಕಾನೂನು, ಬೇಲೂರಿನಲ್ಲಿ ಇನ್ನೊಂದು ಕಾನೂನು, ಹಳೇಬೀಡಿನಲ್ಲಿ ಕಾನೂನೇ ಇಲ್ಲ. ನಯಾಪೈಸೆ ಬಂದ ಹೊಸದರಲ್ಲಿ ನಾನು ಈ ದಾರಿಯಲ್ಲಿ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನ ಏಜೆಂಟನಾಗಿದ್ದೆ. ಬಸ್ಸು ಓಡುವಾಗ ನನಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆಯೆಲ್ಲ ಅದು ನಿಂತಾಗ.

ಅರಸೀಕೆರೆ ಸ್ಟೇಷನ್ನಿನ ಮುಂದಿನ ಅಂಗಳ ರೈಲ್ವೆಯದು. ಅಲ್ಲಿ ಬಸ್ಸು ನಿಲ್ಲಲಿ, ಜಟಕಾ ನಿಲ್ಲಲಿ, ಹಣ ವಸೂಲಿ ಮಾಡುವ ಹಕ್ಕನ್ನು ಅವರು ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿದ್ದರು. ಅವನ ಜೊತೆ ತಕರಾರು ಬಿದ್ದರೆ ಪುರಸಭೆಯವರು ಬರುವಂತಿಲ್ಲ, ಊರಿನ ಪೊಲೀಸರೂ ಬರುವಂತಿಲ್ಲ. ಬೇಲಿಯ ಒಳಗೆ ರೈಲ್ವೆ ಪೊಲೀಸರದೇ ದರ್ಬಾರು. ಬೇಲೂರಿನಲ್ಲಿ ಪುರಸಭೆಯವರು ಸ್ಟ್ಯಾಂಡಿನ ಸುಂಕವನ್ನು ಹರಾಜು ಹಾಕುತ್ತಿದ್ದರು. ಕೂಗಿ ಹಿಡಿದವನು ಹೆಚ್ಚು ಕೇಳಿದರೆ ಅವನು ಕೊಟ್ಟ ಚೀಟಿ ಹಿಡಿದು ಪುರಸಭೆಗೆ ಹೋಗಿ ಕೂಗಾಡಬಹುದಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ, ಆದ್ದರಿಂದ ಎಷ್ಟೋ ಸಲ ಕೂಗಾಡಿಯೂ ಇದ್ದೆ. ಹಳೇಬೀಡಿನಲ್ಲಿ ಕೂಗಾಡಲು ಯಾರೂ ಇರಲಿಲ್ಲ. ಅಲ್ಲಿ ಸ್ಟ್ಯಾಂಡೇ ಇಲ್ಲ. ಹಗಲು ರಸ್ತೆಯ ಮಗ್ಗುಲಲ್ಲಿ ನಿಲ್ಲಿಸುತ್ತಿದ್ದೆವು. ರಾತ್ರಿ ಮಾತ್ರ ಬಸ್ತಿಹಳ್ಳಿಯ ಕಡೆಗಿರುವ ಒಬ್ಬ ಗೌಡರ ಕಣದಲ್ಲಿ.

ಬೆಳಗಿನ ರೈಲು ಹಿಡಿಯುವವರಿಗಾಗಿ ನಮ್ಮ ಬಸ್ಸು ಹಳೇಬೀಡಿನಿಂದಲೇ ಹೊರಡಬೇಕಿತ್ತು. ಹಾಗಾಗಿ ರಾತ್ರಿ ಅಲ್ಲೇ ತಂಗಬೇಕು, ತಂಗುವ ಜಾಗ ಯಾರದೋ ಅವರ ಒಪ್ಪಿಗೆ ಇರಬೇಕು ಎಂದು ಪರ್ಮಿಟ್ಟಿನಲ್ಲೇ ಷರತ್ತಿತ್ತು. ಗೌಡರು ಬದುಕಿರುವ ತನಕ ಇದೊಂದು ವಿಷಯವೇ ಆಗಿರಲಿಲ್ಲ. ತಿಂಗಳಿಗೊಮ್ಮೆ ನಿಲುಗಡೆಯ ಹಣ ಕೊಟ್ಟರೆ ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ತಮ್ಮ ಬಂದು ಕೈ ಚಾಚಿದ. ನಮ್ಮ ಮಾಲೀಕರು ಅವನಿಗೇ ಕೊಡಿ ಎಂದರು, ಕೊಟ್ಟೆ.

ಒಂದು ಸಂಜೆ ಗೌಡರ ಹೆಂಡತಿ ಬಸ್ಸಿನ ಕಿಟಕಿಯ ಹತ್ತಿರ ಬಂದು ನಿಂತರು. ಊರಿನವರು ಅವರನ್ನು ಗೌಡತಿ ಎನ್ನುತ್ತಿದ್ದರು, ನಾನು ಅಮ್ಮ ಎನ್ನುತ್ತಿದ್ದೆ. ಎತ್ತರದ ಆಳು, ಮಾತು ಕಡಿಮೆ.

"ಏನ್ ಸ್ವಾಮಿ ಏಜೆಂಟ್ರೇ, ಈ ತಿಂಗಳು ಯಾರ ಕೈಗ್ ಕೊಟ್ರಿ?"

"ನಿಮ್ಮ ಮೈದುನನ ಕೈಗೆ ಅಮ್ಮ."

"ಅವನ್ಯಾಕ್ ಈಸ್ಕಂಡ? ಭಾಗ ಆದಾಗ ಈ ಕಣ ನಮ್ಮೆಜಮಾನ್ರಿಗೆ ಬಂದಿದ್ದು. ಈಗ ಭಾಗವೇ ಆಗಿಲ್ಲ ಅಂತ ಊರ್ ತುಂಬ ಹೇಳ್ಕಂಡ್ ತಿರುಗ್ತಾನೆ. ನೀವೂ ಅವನ್ ಕೈಗೇ ಕೊಟ್ರೆ ಜನ ಏನಂದ್ಕತಾರೆ? ಕಣ ಅವನ್ದೇ ಅಂತಾರೆ. ಇವತ್ತು ಕಣ, ನಾಳೆ ಹೊಲ. ನನಗೆ ಇಬ್ರು ಹೆಣ್ಮಕ್ಳವ್ರೆ. ನನ್ ಹೆಸರಿಗೆ ಬರ್ಕೊಂಡು ನನ್ ಕೈಗ್ ಕೊಡಿ."

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅರಸೀಕೆರೆಗೆ ಹೋದಾಗ ಮಾಲೀಕರಿಗೆ ಹೇಳಿದೆ. ಅವರಿಗೆ ಕೊಬ್ಬರಿ ಮಂಡಿ ಇತ್ತು. ಬಸ್ಸು ಇದ್ದದ್ದು ಒಂದೇ, ಅದರ ಮೇಲೆ ಪ್ರಾಣ. ಮಂಡಿಯ ಗಾದಿಯ ಮೇಲೆ ಕೂತೇ ನಕ್ಕರು. "ಗಂಡಸು ಇರೋ ಮನೇಲಿ ಹೆಂಗಸಿನ ಹೆಸರಿಗೆ ಬರೆಯೋದೇನ್ರೀ? ನಾಳೆ ಅವನು ಬಸ್ಸಿಗೆ ಕಲ್ಲು ಹೊಡೆಸ್ತಾನೆ. ನಿಮ್ಮ ಪಾಡಿಗೆ ನೀವಿರಿ." ನನ್ನ ಪಾಡಿಗೆ ನಾನಿದ್ದೆ. ಆಮೇಲೆ ಎರಡು ಸಲ ಆಕೆ ಕೇಳಿದಾಗಲೂ ಮಾಲೀಕರು ಒಪ್ಪಲಿಲ್ಲ ಎಂದಷ್ಟೇ ಹೇಳಿದೆ. ಆಕೆ ಮತ್ತೆ ಕೇಳಲಿಲ್ಲ.

ಮಾಗಿಯ ಚಳಿ ಶುರುವಾಗಿತ್ತು. ಒಂದು ರಾತ್ರಿ ಬಸ್ಸು ಕಣದೊಳಕ್ಕೆ ತಿರುಗುವಾಗ ಹಿಂದಿನ ಚಕ್ರದ ಸ್ಪ್ರಿಂಗ್ ಪಟ್ಟಿ ಮುರಿಯಿತು. ಮುಂದೆ ಮೂತಿ ಇದ್ದ ಹಳೆಯ ಬಸ್ಸು. ಅದರ ಪಟ್ಟಿ ಹಾಸನದಲ್ಲೂ ಸಿಗುತ್ತಿರಲಿಲ್ಲ. ಡ್ರೈವರ್ ಮುರಿದ ಪಟ್ಟಿಗಳನ್ನು ಬಿಚ್ಚಿ, ಗೋಣಿಯಲ್ಲಿ ಕಟ್ಟಿ, ಯಾರದೋ ಲಾರಿ ಹತ್ತಿ ಅರಸೀಕೆರೆಗೆ ತಂದ. ಕುಲುಮೆಯಲ್ಲಿ ಬೇರೆ ಪಟ್ಟಿ ಕಾಯಿಸಿ, ಬಗ್ಗಿಸಿ, ಹದ ಹಾಕಿಸುವಷ್ಟರಲ್ಲಿ ದಿನಗಳು ಹೋದವು. ಅದನ್ನು ಹೊತ್ತುಕೊಂಡು ನಾವಿಬ್ಬರೂ ಹಳೇಬೀಡಿಗೆ ಬಂದಾಗ ಕಣದ ಬಾಯಿಗೆ ಅಡ್ಡವಾಗಿ ಮನೆಯೆತ್ತರದ ಮೆದೆ ಎದ್ದು ನಿಂತಿತ್ತು. ತೆನೆ ಒಳಕ್ಕೆ ಬರುವಂತೆ ರಾಗಿ ಪೈರಿನ ಕಟ್ಟುಗಳನ್ನು, ಅಂದರೆ ಸಿವುಡುಗಳನ್ನು, ಒಪ್ಪವಾಗಿ ಒಟ್ಟಿದ ಮೆದೆ. ಮೂರು ಕಡೆ ಮಣ್ಣಿನ ಗೋಡೆ, ನಾಲ್ಕನೆಯ ಕಡೆ ಇದು. ಬಸ್ಸು ಒಳಗೆ.

ಗೌಡತಿ ಮೆದೆಯ ಪಕ್ಕದಲ್ಲೇ ನಿಂತಿದ್ದರು.

"ಏನಮ್ಮ ಇದು?"

"ಕಣ ಇರಾದು ಒಕ್ಕೋಕೆ ಸ್ವಾಮಿ. ಬಸ್ಸು ನಿಲ್ಲೋಕೆ ಜಾಗ ಕೊಟ್ಟೋನು ಯಾವನೋ ಅವನ್ನ ಹೋಗ್ ಕೇಳಿ, ದಾರಿ ಬಿಡುಸ್ತಾನೆ."

ನಾನು ಬಾಯಿಗೆ ಬಂದದ್ದು ಅಂದೆ. ಆಕೆ ಸೆರಗು ಸರಿಮಾಡಿಕೊಂಡು ಮನೆಗೆ ಹೋದರು. ಪಟ್ಟಿ ಜೋಡಿಸಿ ಎದ್ದ ಡ್ರೈವರಿಗೆ, ಮೆದೆಯ ಒಂದು ಮೂಲೆ ಕಿತ್ತು ಹಾಕಿ ನುಗ್ಗಿಸಿಬಿಡು ಎಂದೆ. ಅವನು ಹಗರೆಯ ಒಕ್ಕಲುಮನೆಯವನು. ನಾನು ಏನೋ ಅಸಹ್ಯ ಹೇಳಿದೆ ಎನ್ನುವ ಹಾಗೆ ನನ್ನ ಮುಖ ನೋಡಿದ.

"ಅನ್ನದ ಮೇಲೆ ಚಕ್ರ ಹತ್ತುಸೋದಾ ಸ್ವಾಮಿ? ನನ್ ಕೈಲಾಗಲ್ಲ. ಮೆದೆ ಒಟ್ಟಿ, ಕಣ ಸಾರ್ಸಿ, ಪೂಜೆ ಮಾಡವ್ರೆ. ಅಲ್ ನೋಡಿ, ಒಕ್ಕೋ ಕಲ್ಗುಂಡಿಗೆ ಕುಂಕುಮ ಐತೆ. ಇನ್ನು ಈ ಮೆದೆ ಒಡೆದ್ರೆ ಸಿವುಡು ಕಣಕ್ಕೇ ಬೀಳ್ಬೇಕು, ಒಕ್ಬೇಕು. ಇಲ್ಲಿಂದ ಅಲ್ಲಿಗೆ ಎತ್ತಿ ಹಾಕಂಗಿಲ್ಲ. ನಮ್ ಕಡೆ ಯಾರೂ ಮಾಡಾಕಿಲ್ಲ."

ನನಗೆ ಅಳು ಬರುವುದೊಂದು ಬಾಕಿ. ಯಾಕೆಂದರೆ ನಮ್ಮ ಪರ್ಮಿಟ್ಟಿನ ಅವಧಿ ಮುಗಿಯುತ್ತಾ ಬಂದಿತ್ತು. ಮುಂದಿನ ಸೋಮವಾರ ಹಾಸನದಲ್ಲಿ ಸಾರಿಗೆ ಅಧಿಕಾರಿಗಳ ಮುಂದೆ ವಿಚಾರಣೆ. ಅಂದು ಬಸ್ಸನ್ನೇ ತಪಾಸಣೆಗೆ ತೆಗೆದುಕೊಂಡು ಹೋಗಬೇಕು. ಹತ್ತಾರು ಬಸ್ಸು ಇಟ್ಟುಕೊಂಡಿದ್ದ ಇನ್ನೊಬ್ಬರು ಈ ದಾರಿ ತಮಗೆ ಬೇಕೆಂದು ಆಗಲೇ ಅರ್ಜಿ ಹಾಕಿದ್ದರು. ಬಸ್ಸು ಹೋಗದಿದ್ದರೆ ಪರ್ಮಿಟ್ ಅವರ ಪಾಲು. ಪರ್ಮಿಟ್ ಹೋದರೆ ಡ್ರೈವರ್, ಕಂಡಕ್ಟರ್, ನಾನು, ಮೂವರ ಮನೆಯ ಒಲೆಯೂ ಆರಿದ ಹಾಗೆ.

ಅಲ್ಲಿಂದ ನನ್ನ ಅಲೆದಾಟ ಶುರುವಾಯಿತು. ಹಳೇಬೀಡಿನ ಪೊಲೀಸ್ ಠಾಣೆಯ ದಫೇದಾರರು ನನ್ನ ದೂರನ್ನು ಪೂರ್ತಿ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತಾ, "ರಾಗಿ ಮೆದೆ ಹಾಕೋದು ಯಾವ ಸೆಕ್ಷನ್ನಲ್ಲಿ ಅಪರಾಧ ಹೇಳಿ ಸ್ವಾಮಿ, ಈಗಲೇ ಹೋಗಿ ಮೆದೇನ ಹಿಡ್ಕೊಂಡು ಬತ್ತೀನಿ" ಎಂದರು. ಪಂಚಾಯ್ತಿ ಅಧ್ಯಕ್ಷರು ಅದು ಖಾಸಗಿ ಜಾಗ, ನಮಗೆ ಸಂಬಂಧವಿಲ್ಲ ಎಂದರು. ತಂಗಲು ಬೇರೆ ಜಾಗವನ್ನಾದರೂ ಕೊಡಿ ಎಂದರೆ, ದೇವಸ್ಥಾನದ ಸುತ್ತಲಿನ ಬಯಲೆಲ್ಲ ಪುರಾತತ್ವದವರದು, ಅಲ್ಲಿ ಎಮ್ಮೆ ಕಟ್ಟಿದರೂ ಕಾವಲುಗಾರ ಬಡಿಗೆ ತರುತ್ತಾನೆ ಎಂದರು.

ಮಾದಿಹಳ್ಳಿ ಕಡೆ ಹೋಗುವ ಗಾಡಿ ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬೇಲೂರಿನ ತಾಲ್ಲೂಕು ಕಚೇರಿಗೆ ಹೋದೆ. ಕಣ ಯಾರದೆಂದು ಸರ್ಕಾರವೇ ಹೇಳಿಬಿಟ್ಟರೆ ಕೈ ಮುಗಿದು ಅವರಿಗೇ ಹಣ ಕೊಡುತ್ತೇವೆ ಎಂದು ಶಿರಸ್ತೇದಾರರ ಮುಂದೆ ನಿಂತೆ. ಕಣದ ಖಾತೆ ಇನ್ನೂ ಸತ್ತವರ ಹೆಸರಿನಲ್ಲೇ ಇತ್ತು. ಅದನ್ನು ವಾರಸುದಾರರಿಗೆ ಬದಲಾಯಿಸಬೇಕೆಂದು ಗೌಡತಿ ಅರ್ಜಿ ಕೊಟ್ಟಿದ್ದರು, ಮೈದುನ ತಕರಾರು ಹಾಕಿದ್ದ. "ಸ್ಥಳದಲ್ಲಿ ಸ್ವಾಧೀನ ಯಾರದು ಅಂತ ಗೊತ್ತಾಗಬೇಕಲ್ರೀ" ಎಂದರು ಶಿರಸ್ತೇದಾರರು. "ಬಸ್ಸಿನವರು ನೀವು ಯಾರಿಗೆ ದುಡ್ಡು ಕೊಡ್ತೀರೋ ಅದೂ ಒಂದು ಸಾಕ್ಷಿಯೇ. ಯಾರಿಗೆ ಕೊಡ್ತೀರಿ?" ನಾನು ಅವರನ್ನು ಕೇಳಲು ಹೋಗಿದ್ದೆ, ಅವರು ನನ್ನನ್ನೇ ಕೇಳಿದರು.

ಹಾಸನದ ವಕೀಲರು ಇನ್ನೂ ಗಟ್ಟಿಗರು. "ಆಕೆಯ ಮೇಲೆ ದಾವೆ ಹಾಕಿದರೆ ಕಣ ಆಕೆಯ ಸ್ವಾಧೀನದಲ್ಲಿದೆ ಅಂತ ನೀವೇ ಒಪ್ಪಿದ ಹಾಗೆ. ಹಾಗಾದರೆ ಮೈದುನನಿಗೆ ಯಾಕೆ ಕೊಟ್ಟಿರಿ ಅಂತಾರೆ. ಅವನ ಮೇಲೆ ಹಾಕೋಣ ಅಂದ್ರೆ ಮೆದೆ ಅವನದಲ್ಲ." ಯಾರ ಮೇಲೆ ಹಾಕಿದರೂ ಸೋಮವಾರದೊಳಗೆ ಆಗುವ ಕೆಲಸವಲ್ಲ ಎಂದೂ ಸೇರಿಸಿದರು. ಅಷ್ಟನ್ನು ಹೇಳಿಸಿಕೊಳ್ಳಲು ಅವರ ಜಗಲಿಯ ಮೇಲೆ ಅರ್ಧ ದಿನ ಕೂತಿದ್ದೆ. ಅರಸೀಕೆರೆಯಲ್ಲಿ ಹೆಂಡತಿ ಏನಾಯಿತು ಎಂದು ಕೇಳಿದ್ದಕ್ಕೆ ರೇಗಿದೆ. ಆಮೇಲೆ ಅವಳು ಬಡಿಸಿದ ಅನ್ನ ಬಿಟ್ಟು ಎದ್ದೆ.

ಶನಿವಾರ ಬೆಳಿಗ್ಗೆ ಮಾಲೀಕರು ಮಂಡಿಗೆ ಕರೆಸಿದರು. ಅವರ ಮುಖದಲ್ಲಿ ಗೆಲುವಿತ್ತು. "ಆಕೆಯ ಮೈದುನ ಬಂದು ಹೋದ ಕಣ್ರೀ. ಅವನೊಂದು ಕಾಗದ ಬರೆಸಿ ಇಟ್ಟಿದ್ದಾನೆ. ನನ್ನ ಪರವಾಗಿ ನೀವೇ ಸಹಿ ಹಾಕಿಬಿಡಿ. ಅವನ ಆಳುಗಳು ಮೆದೆ ಕಿತ್ತು ದಾರಿ ಬಿಡಿಸ್ತಾರೆ."

ಹಳೇಬೀಡಿನ ಕಾಫಿ ಹೋಟೆಲಿನಲ್ಲಿ ಮೈದುನ ನನಗಾಗಿ ಕಾದಿದ್ದ. ನನಗೆ ಕಾಫಿ ತರಿಸಿ, ಕಾಗದ ಬಿಚ್ಚಿಟ್ಟ. ಬಸ್ಸಿನವರು ಮೊದಲಿನಿಂದಲೂ ನಿಲುಗಡೆಯ ಹಣವನ್ನು ಇವನಿಗೇ ಕೊಡುತ್ತಾ ಬಂದಿದ್ದಾರೆ, ಸದರಿ ಕಣಕ್ಕೂ ಮೃತರ ಹೆಂಡತಿಗೂ ಯಾವ ಸಂಬಂಧವೂ ಇರುವುದು ತಮಗೆ ತಿಳಿದಿಲ್ಲ ಎಂದು ಅದರಲ್ಲಿ ಬರೆದಿತ್ತು. ನಾನು ಪೆನ್ನು ತೆಗೆದೆ. ಸಹಿ ಹಾಕಿದರೆ ಸಂಜೆಯೊಳಗೆ ಬಸ್ಸು ರಸ್ತೆಯಲ್ಲಿ.

"ಮೊದಲಿನಿಂದಲೂ ನಿಮ್ಮ ಅಣ್ಣನವರಿಗೆ ಕೊಡ್ತಿದ್ದೆವಲ್ಲ" ಎಂದೆ.

"ಅಣ್ಣ ಹೋದ್ನಲ್ಲ ಸ್ವಾಮಿ, ಸತ್ತೋನ್ ಬಂದು ಹೇಳ್ತಾನಾ? ಹಾಕಿ, ಹಾಕಿ. ಆ ಯಮ್ಮಂಗೆ ಒಕ್ಕೋಕೂ ಆಳಿಲ್ದಂಗ್ ಮಾಡಿವ್ನಿ. ಕಿತ್ತಾಕಿದ್ ಮೆದೆ ಹಂಗೇ ಹುಳ ಬಿದ್ ಹೋಗ್ಲಿ" ಎಂದು ನಕ್ಕ.

ಆಗ ನನಗೆ ಧರ್ಮದ ಯೋಚನೆ ಬಂತು ಎಂದರೆ ಸುಳ್ಳಾಗುತ್ತದೆ. ಬಂದದ್ದು ಸಿಟ್ಟು. ಒಂದು ವಾರದಿಂದ ಕಂಡಕಂಡವರ ಬಾಗಿಲಲ್ಲಿ ನಿಂತು ಬೈಗುಳ ತಿಂದದ್ದೆಲ್ಲ ಈ ನಗುವಿಗಾಗಿಯೇ ಎನಿಸಿತು. ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡೆ. ನನ್ನ ಕಾಫಿಗೆ ನಾನೇ ದುಡ್ಡಿಟ್ಟು ಹೊರಗೆ ಬಂದೆ. ಮಾಲೀಕರಿಗೆ ಏನು ಹೇಳುವುದೆಂದು ಹೊಳೆಯಲಿಲ್ಲ, ಆದರೆ ಕಾಲು ಗೌಡತಿಯ ಮನೆಯ ಕಡೆ ಹೊರಟಿತ್ತು.

ಆಕೆ ಹಿತ್ತಲಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದರು. "ಅಮ್ಮ, ಇನ್ನು ಮೇಲೆ ಹಣ ನಿಮ್ಮ ಹೆಸರಿಗೇ ಬರೆದು ನಿಮ್ಮ ಕೈಗೇ ಕೊಡ್ತೀನಿ" ಎಂದೆ.

"ಸಾವ್ಕಾರ್ರು ಒಪ್ಪಿದ್ರಾ?"

"ಇಲ್ಲ."

ಆಕೆ ಹುಲ್ಲಿನ ಕಂತೆ ಕೆಳಗಿಟ್ಟರು. "ನಿಮ್ ಕೆಲ್ಸಕ್ಕೆ ಸಂಚಕಾರ ಬರಾಕಿಲ್ವಾ?"

"ಬಸ್ಸೇ ಇಲ್ಲದಿದ್ದರೆ ಕೆಲಸ ಎಲ್ಲಿದೆಯಮ್ಮ? ದಾರಿ ಬಿಡಿಸಿ."

"ಈಗ ನಾನೇ ಬಿಡ್ತೀನಿ ಅಂದ್ರೂ ಬಿಡೋಕಾಗಲ್ಲ ಸ್ವಾಮಿ. ಮೆದೆ ಒಕ್ಕಿದ್ರೇನೇ ದಾರಿ. ಒಕ್ಕೋಕೆ ಒಬ್ ಆಳೂ ಬತ್ತಾ ಇಲ್ಲ. ಎತ್ತವೆ, ಗುಂಡೈತೆ, ನಾನೂ ನನ್ ಮಕ್ಳೂ ಇದೀವಿ. ಮೂರು ಹೆಣ್ ಜೀವ ಎಷ್ಟಂತ ಒಕ್ಕಾದು?" ಆಕೆಯ ದನಿ ಅಲ್ಲಿ ಒಡೆಯಿತು. ಬಸ್ಸಿಗೆ ಅಡ್ಡ ಹಾಕಿದ ಮೆದೆಯ ಮುಂದೆ ಆಕೆಯೂ ನಮ್ಮಷ್ಟೇ ಸಿಕ್ಕಿಬಿದ್ದಿದ್ದರು ಎಂದು ನನಗೆ ಆಗಲೇ ತಿಳಿದದ್ದು.

ಕಂಡಕ್ಟರ್ ಜೊತೆ ಬಸ್ಸಿನ ಕಾವಲಿಗೆ ಉಳಿದಿದ್ದ ಡ್ರೈವರಿಗೆ ಈ ಮಾತು ಹೇಳಿದ್ದೇ ತಡ, ಅವನು ಖಾಕಿ ಅಂಗಿ ಬಿಚ್ಚಿ ಸ್ಟೇರಿಂಗಿಗೆ ನೇತುಹಾಕಿದ. ಕಂಡಕ್ಟರ್ ಮೆದೆ ಹತ್ತಿದ. ಚಪ್ಪಲಿ ಹೊರಗೆ ಬಿಟ್ಟು ನಾನೂ ಕಣಕ್ಕೆ ಇಳಿದೆ. ಮೇಲಿನಿಂದ ಸಿವುಡು ಕೆಡವುವುದು, ಕಟ್ಟು ಬಿಚ್ಚಿ ಕಣದ ತುಂಬ ಹರಡುವುದು, ಡ್ರೈವರ್ ಎತ್ತು ಹೂಡಿ ಅದರ ಮೇಲೆ ಕಲ್ಲಿನ ಗುಂಡು ಹೊಡೆಯುವುದು, ಕವೆಗೋಲಿನಿಂದ ಹುಲ್ಲು ಕೊಡವಿ ತಿರುಗಿಸಿ ಹಾಕುವುದು, ಮತ್ತೆ ಗುಂಡು. ಸುತ್ತುವ ಎತ್ತಿಗೆ ಬಸ್ಸೇ ಅಡ್ಡ. ಅದನ್ನು ಎಲ್ಲರೂ ಸೇರಿ ಗೋಡೆಯ ಮೂಲೆಗೆ ತಳ್ಳಿದೆವು. ರಾಗಿಯ ಧೂಳಿಗೆ ನನ್ನ ಮೈಯೆಲ್ಲ ತುರಿಕೆ, ಕಣ್ಣು ಕೆಂಡ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಹೆಣ್ಣುಮಕ್ಕಳು ನನ್ನ ಕೈಕೆಲಸ ನೋಡಿ ಸೆರಗಿನಲ್ಲಿ ನಕ್ಕರು. ಗೌಡತಿ ಅವರನ್ನು ಗದರಿಸಿ, "ಏಜೆಂಟ್ರೇ, ಕವೆಗೋಲು ಹಂಗಲ್ಲ, ಹಿಂಗೆ" ಎಂದು ಹಿಡಿದು ತೋರಿಸಿದರು. ಮೈದುನ ಬಂದು ಗೋಡೆಯ ಆಚೆಯಿಂದ ಕೂಗಾಡಿದ. ಡ್ರೈವರ್ ಎತ್ತು ನಿಲ್ಲಿಸದೆಯೇ, "ಏನ್ಲಾ, ಒಕ್ಕೋ ಕಣದಾಗೆ ಬಾಯ್ ಮಾಡ್ತೀಯಲ್ಲ, ರೈತನ ಮಗ ಏನ್ಲಾ ನೀನು?" ಎಂದ. ಕಣ ನಡೆಯುವಾಗ ಅಲ್ಲಿ ಜಗಳ ಮಾಡುವುದು ನಿಷಿದ್ಧ. ನೋಡುತ್ತಿದ್ದ ಜನರೆದುರು ಅವನು ಬಾಯಿ ಮುಚ್ಚಿಕೊಂಡು ಹೋದ. ಭಾನುವಾರ ಸಂಜೆಯ ಗಾಳಿಗೆ ರಾಗಿ ತೂರಿ, ರಾಶಿಗೆ ಪೂಜೆ ಮಾಡಿದಾಗ ಕಣದ ಬಾಯಿ ತೆರೆದಿತ್ತು.

ಸೋಮವಾರ ಬಸ್ಸು ಹಾಸನಕ್ಕೆ ಹೊರಟಿತು. ಗೌಡತಿಯೂ ಬಂದರು. "ಕೇಳಿದ್ರೆ ಹೇಳ್ತೀನಿ, ಅಡ್ಡ ಹಾಕಿದ್ದು ನಾನೇ ಅಂತ" ಎಂದರು. ನಾನು ಬೇಡವೆನ್ನಲಿಲ್ಲ.

ಮಾಲೀಕರು ವಕೀಲರೊಂದಿಗೆ ಕಚೇರಿಯ ಮೆಟ್ಟಿಲ ಮೇಲಿದ್ದರು. ಬಸ್ಸು ಕಂಡು ನನ್ನ ಬೆನ್ನು ತಟ್ಟಿದರು. ಅದು ಹೇಗೆ ಬಂತೆಂದು ಕೇಳುವಷ್ಟು ಪುರುಸೊತ್ತಿರಲಿಲ್ಲ. ವಕೀಲರು ನನಗೆ ಹೇಳಿಕೊಟ್ಟರು. ಜಾಗ ಮೈದುನನದು, ಅವನ ಒಪ್ಪಿಗೆ ಇದೆ, ಸಂಬಂಧವಿಲ್ಲದ ಹೆಂಗಸೊಬ್ಬಳು ಅತಿಕ್ರಮವಾಗಿ ಬಂದು ಅಡ್ಡ ಹಾಕಿದಳು, ಅದಕ್ಕೇ ಬಸ್ಸು ನಿಂತಿತು. ಇಷ್ಟು ಹೇಳಿದರೆ ಪರ್ಮಿಟ್ ನಮ್ಮದೇ. ಮೈದುನ ಒಪ್ಪಿಗೆಯ ಕಾಗದ ಹಿಡಿದು ಪಕ್ಕದಲ್ಲೇ ನಿಂತಿದ್ದ.

ಒಳಗೆ ಅಧಿಕಾರಿಗಳು ಬಹಳ ಸಮಾಧಾನದ ಮನುಷ್ಯ. "ಬಸ್ಸು ಯಾಕೆ ನಿಲ್ಲಿಸಿದ್ದಿರಿ? ಅಡ್ಡ ಹಾಕಿದವರು ಯಾರು?" ಎಂದರು. ನನ್ನ ಅಂಗೈ ಉರಿಯುತ್ತಿತ್ತು. ವಕೀಲರು ಹೇಳಿಕೊಟ್ಟ ಮಾತು ನಾಲಿಗೆಯ ಮೇಲೇ ಇತ್ತು, ಹೇಳಿಬಿಡಬೇಕೆಂದೇ ಬಾಯಿ ತೆರೆದೆ.

"ಜಾಗದವರೇ ಅಡ್ಡ ಹಾಕಿದ್ದು ಸ್ವಾಮಿ. ಕಣ ಅವರದು, ಗುಂಡು ಅವರದು, ಒಕ್ಕಿದವರು ಅವರು. ನಾವು ಹಣ ಕೊಟ್ಟದ್ದು ಬೇರೆಯವರಿಗೆ."

ಮಾಲೀಕರು ಕುರ್ಚಿಯಿಂದ ಎದ್ದರು. ಅಧಿಕಾರಿಗಳು ಅವರನ್ನು ಕೂರಿಸಿ, "ಜಾಗದವರ ಹೆಸರೇನು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವರ ಕಣದಲ್ಲಿ ಬಸ್ಸು ನಿಲ್ಲಿಸಿದ್ದೆವು, ಆಕೆಯ ಹೆಸರಿಗೆ ಬರೆದುಕೊಡುತ್ತೇನೆ ಎಂದು ಮಾತೂ ಕೊಟ್ಟಿದ್ದೆ, ಹೆಸರು ಕೇಳಿರಲಿಲ್ಲ. ಹೊರಗೆ ಓಡಿದೆ. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದವರು ಎದ್ದು ನಿಂತು, ಯಾರೋ ಬೇರೆಯವರ ಹೆಸರು ಹೇಳುವ ಹಾಗೆ ನಿಧಾನವಾಗಿ, "ಪುಟ್ಟತಾಯಮ್ಮ" ಎಂದರು.

ಅಧಿಕಾರಿಗಳು ಅದನ್ನು ಬರೆದುಕೊಂಡರು, ಆಕೆಯನ್ನು ಒಳಗೆ ಕರೆಸಿ ಹೇಳಿಕೆಯನ್ನೂ ಪಡೆದರು. ಬೇಲೂರು ತಾಲ್ಲೂಕು ಕಚೇರಿಗೆ ಒಂದು ಪ್ರತಿ ಹೋಗಲಿ ಎಂದು ಗುಮಾಸ್ತರಿಗೆ ಹೇಳಿದರು. ಆಮೇಲೆ ನಮ್ಮ ಕಡೆ ತಿರುಗಿದರು. ತಂಗುವ ಜಾಗಕ್ಕೆ ಅದನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರ ಒಪ್ಪಿಗೆಯೇ ಇಷ್ಟು ದಿನ ಇರಲಿಲ್ಲ, ಷರತ್ತು ಮುರಿದಿದೆ, ಆದ್ದರಿಂದ ನವೀಕರಣವಿಲ್ಲ ಎಂದರು. ಇನ್ನು ಮೇಲೆ ಒಪ್ಪಿಗೆ ಕೊಡುತ್ತೇನೆ ಎಂದು ಆಕೆ ಕೈ ಮುಗಿದು ಹೇಳಿದರು. ಅದು ಮುಂದಿನ ಮಾತು, ಹೊಸದಾಗಿ ಅರ್ಜಿ ಹಾಕಿಕೊಳ್ಳಲಿ ಎಂದರು. ಮೊದಲೇ ಅರ್ಜಿ ಹಾಕಿದ್ದ ಆ ಹತ್ತಾರು ಬಸ್ಸಿನವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪರ್ಮಿಟ್ ಅಂದೇ ಅವರಿಗೆ ಆಯಿತು.

ಮಾಲೀಕರು ನನ್ನನ್ನು ಬೈಯಲಿಲ್ಲ. "ಒಬ್ಬಳ ಕಣ ಉಳಿಸೋಕೆ ನನ್ನ ಬಸ್ಸು ಕಳೆದ್ರಿ" ಎಂದಷ್ಟೇ ಹೇಳಿ ರೈಲಿಗೆ ಹೋದರು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ಬಸ್ಸನ್ನು ಎಲ್ಲಾದರೂ ನಿಲ್ಲಿಸಲೇಬೇಕಲ್ಲ. ಮಾರುವ ತನಕ ನಮ್ಮಲ್ಲೇ ಇರಲಿ ಎಂದರು ಗೌಡತಿ. ಹಾಸನದಿಂದ ಹಿಂದಿರುಗಿದೆವು. ಹಗರೆಯಲ್ಲಿ ಜನ ಕೈ ತೋರಿಸಿದರು, ಡ್ರೈವರ್ ತನ್ನ ಊರನ್ನು ನೋಡದೆ ಮುಂದಕ್ಕೆ ಹೋದ. ಹಳೇಬೀಡಿನಲ್ಲಿ ಮಧ್ಯಾಹ್ನದ ಟ್ರಿಪ್ಪಿಗೆಂದು ಟ್ರಂಕು, ಗಂಟು, ಕೈಗೂಸು ಹಿಡಿದು ಮಂದಿ ಕಾಯುತ್ತಿದ್ದರು. ಬೆಳಿಗ್ಗೆ ಬಸ್ಸು ಹೋದದ್ದನ್ನು ನೋಡಿದ್ದರು. ಮತ್ತೆ ಓಡುತ್ತಿದೆ ಎಂದುಕೊಂಡಿದ್ದರು. ನಾವು ಕಣದೊಳಕ್ಕೆ ತಿರುಗುತ್ತಿದ್ದಂತೆ ಹಿಂದೆಯೇ ಓಡಿ ಬಂದು ಹತ್ತಿ ಕೂತರು. ಒಬ್ಬ ಮುದುಕರು, "ಅಂತೂ ಬಂದ್ರಲ್ಲಪ್ಪ, ರೈಲು ಸಿಕ್ತದಾ?" ಎಂದು ಚಿಲ್ಲರೆ ಚಾಚಿದರು. ಕಂಡಕ್ಟರ್ ಮುಖ ಆಚೆ ತಿರುಗಿಸಿದ. ಡ್ರೈವರ್ ಸ್ಟೇರಿಂಗಿನ ಮೇಲೆ ತಲೆ ಇಟ್ಟ. ಹೇಳಬೇಕಾದವನು ನಾನು. ಎದ್ದು ನಿಂತೆ, ಮುದುಕರ ಚಿಲ್ಲರೆಯನ್ನು ಅವರ ಅಂಗೈಯಲ್ಲೇ ಮಡಿಚಿ ಇಟ್ಟೆ.

ಗೌಡತಿ ಮುಂದಿನ ಸೀಟಿನಿಂದ ಇಳಿದು, ಬಾಗಿಲ ಹತ್ತಿರ ನೆಲದ ಮೇಲೆ ಗಟ್ಟಿಯಾಗಿ ನಿಂತರು.

"ಇಳೀರಪ್ಪ, ಎಲ್ಲ ಇಳೀರಿ. ಬಸ್ಸು ಹೋಗಾಕಿಲ್ಲ. ಇವರನ್ಯಾರೂ ಏನೂ ಕೇಳ್ಬೇಡಿ. ಈ ಜಾಗ ನಂದು, ನಾನ್ ಹೇಳ್ತಾ ಇದ್ದೀನಿ, ಇಳೀರಿ."

ಜನ ಒಬ್ಬೊಬ್ಬರಾಗಿ ಇಳಿದರು.